ಚೀಲ ಎಂದರೆ

ತ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದ ದಿನ
ಹಿಂದೆಲ್ಲ ಬೀದಿಯುದ್ದ ಹಗ್ಗ ಕಟ್ಟುತ್ತಿದ್ದರಂತೆ.
ಯಾರ ಗೋಡೆಯನ್ನೂ ಒಡೆಯಲಿಲ್ಲ,
ಮನೆಗೆ ಮನೆ ಅಂಟಿಸಲಿಲ್ಲ,
ಹಿಡಿದು ನಡೆಯಲೊಂದು ಹಗ್ಗ, ಅಷ್ಟೆ.
ಅಜ್ಜಿ ಹೇಳುತ್ತಿದ್ದಳು:
ಹಿಡಿದ ಕೈ ಸ್ಲೊವೇನರದೋ ಇಟಾಲಿಯನ್ನರದೋ
ಹಗ್ಗ ಕೇಳುತ್ತಿರಲಿಲ್ಲ.

ನಾನು ನೀವೆಸ್ ಝೆರ್ಯಾಲ್.
ಬ್ರೆಸ್ಸಾನ್ ಕಾಫಿ ಆಮದು ಕಂಪನಿ, ಮೂರನೆಯ ಮಹಡಿ,
ಕಿಟಕಿಯ ತುಂಬ ಕ್ರೇನು.
ಇಪ್ಪತ್ತಾರು ವರ್ಷ ಬರೆದದ್ದನ್ನೇ ಬರೆದೆ:
ಗೋದಾಮಿನ ಹಸಿರು ಪರದೆಯ ಅಂಕಿ
ಸುಂಕದ ನೀಲಿ ಪರದೆಗೆ,
ಅಲ್ಲಿಂದ ಲೆಕ್ಕದ ಬಿಳಿ ಪರದೆಗೆ.
ಮೂರು ಸರ್ವರ್, ಒಂದೇ ಮಹಡಿ,
ಮುಖ ಕೊಟ್ಟು ಮಾತಾಡದ ದಾಯಾದಿಗಳು.
ನಡುವೆ ಓಡಾಡಿದ ತಂತಿ
ನನ್ನ ಹತ್ತು ಬೆರಳು.

ಒಂದು ಸಂಜೆ 318 ಅನ್ನು 381 ಎಂದು ಒತ್ತಿದೆ.
ಇಲ್ಲದ ಅರವತ್ತಮೂರು ಚೀಲಕ್ಕೆ ಸುಂಕ ಕಟ್ಟಿ
ಇದ್ದ ಚೀಲಗಳನ್ನು ಹನ್ನೊಂದು ದಿನ
ಬಾಡಿಗೆಯ ನೆಲದಲ್ಲಿ ಮಲಗಿಸಿದೆವು.
ಯಾರೂ ಬೈಯಲಿಲ್ಲ. ಅದೇ ಹೆಚ್ಚು ಉರಿಯಿತು.

ಆಮೇಲೆ ಉದಿನೆಯಿಂದ ಎಜಿದಿಯೊ ಬಂದ,
ಹಲಗೆಯ ಮೇಲೆ ಡಬ್ಬಿ ಬರೆದ, ಬಾಣ ಬರೆದ.
“ಯಾವ ಯಂತ್ರವನ್ನೂ ಕೀಳುವುದು ಬೇಡ.
ಪ್ರತಿಯೊಂದೂ ತನಗೆ ಬರುವ ಕೆಲಸವನ್ನು
ಸೇವೆಯಾಗಿ ಬಾಗಿಲಲ್ಲಿ ಇಡಲಿ.
ಬಾಗಿಲು ತಟ್ಟಿದವರಿಗೆ
ಒಳಗಿನದು ಸೌದೆ ಒಲೆಯೋ ಗ್ಯಾಸೋ
ತಿಳಿಯಬೇಕಾಗಿಲ್ಲ.”

ಒಡತಿ ಒತ್ತಾವಿಯಾ ಕನ್ನಡಕ ತೆಗೆದಳು.
“ಲಾಭ?”
ಅವನು ಬಾಣಗಳ ಕಡೆ ನೋಡಿದ.
ನಾನು ಹೇಳಿದೆ: “ಹನ್ನೊಂದು ದಿನ.”
ಅವಳು ಕನ್ನಡಕ ಹಾಕಿಕೊಂಡಳು.

ಕೆಲಸ ನಿಂತದ್ದು ತಂತಿಯಲ್ಲಲ್ಲ, ಒಂದು ಮಾತಿನಲ್ಲಿ.
ಚೀಲ ಎಂದರೆ?
ಗೋದಾಮಿಗೆ ಅದು ಅರವತ್ತು ಕಿಲೋ ಬೀಜ.
ಸುಂಕದವರಿಗೆ ಸೆಣಬಿನ ತೂಕವೂ ಸೇರಿ.
ಲೆಕ್ಕಕ್ಕೆ, ಬೆಳಗಿನ ದರದಿಂದ ಗುಣಿಸಬೇಕಾದ ಸಂಖ್ಯೆ.
ರುಚಿ ನೋಡುವ ಲಿವಿಯೊನನ್ನು ಕೇಳಿದರೆ
ಒಂದು ಚಮಚ, ಸರ್ರನೆ ಹೀರಿ ಉಗುಳುವಷ್ಟು.
ಎತ್ತು ಏರಿಗೆ, ಕೋಣ ನೀರಿಗೆ,
ನೊಗದ ಹೆಸರು ಮಾತ್ರ ಒಂದೇ.
ಇಷ್ಟು ವರ್ಷ ಈ ಅರ್ಥಗಳನ್ನೆಲ್ಲ
ಯಾವ ಸರ್ವರೂ ಹೊತ್ತಿರಲಿಲ್ಲ.
ಹೊತ್ತದ್ದು ನಾನು,
ಹೊತ್ತಿದ್ದೇನೆ ಎಂಬುದೂ ತಿಳಿಯದೆ.

ಎಜಿದಿಯೊ ಕುರ್ಚಿ ಎಳೆದು ಪಕ್ಕ ಕುಳಿತ.
ಏಳು ವಾರ ನಾನು ಹೇಳಿದೆ, ಅವನು ಬರೆದ:
ಹೀಗೆ ಕೇಳಿದರೆ ಹೀಗೆ ಉತ್ತರ,
ಕೇಳದ್ದಕ್ಕೆ ಬಾಯಿ ಬಿಡಬಾರದು,
ಒಳಗೆ ಏನೇ ಬದಲಾಗಲಿ, ಕೊಟ್ಟ ಮಾತು ಬದಲಾಗಬಾರದು.
ಅದಕ್ಕೆ ಅವನ ಭಾಷೆಯಲ್ಲಿ ಕರಾರು ಎಂದು ಹೆಸರು.
ನಮ್ಮ ಮನೆಯಲ್ಲಿ ಇದನ್ನು ಮರ್ಯಾದೆ ಎನ್ನುತ್ತಿದ್ದರು.

ಮೇ ತಿಂಗಳಿಗೆ ಹನ್ನೊಂದು ದಿನ ಎರಡಾಯಿತು.
ಬ್ಯಾಂಕು ಬದಲಿಸಿದೆವು, ಗೋದಾಮಿಗೆ ಸುದ್ದಿಯೇ ಮುಟ್ಟಲಿಲ್ಲ.
ಲ್ಯುಬ್ಲ್ಯಾನಾದ ಕಾಫಿ ಹುರಿಯುವವರು
ಸೋಮವಾರ ನಮ್ಮ ವಿಳಾಸ ಪಡೆದರು,
ಮುಂದಿನ ಬುಧವಾರ ಅವರ ಯಂತ್ರವೇ ಬಂದು
ದಾಸ್ತಾನು ಎಷ್ಟಿದೆ ಎಂದಿತು.
ಹಿಂದಾಗಿದ್ದರೆ ಎಂಟು ತಿಂಗಳು,
ಇಬ್ಬರು ವಕೀಲರು, ನನ್ನ ಭಾನುವಾರಗಳು.

ಫೆಬ್ರವರಿಯ ಬೋರಾ ಒಂದು ರಾತ್ರಿ
ಗೋದಾಮಿನ ವಿದ್ಯುತ್ತು ಕಿತ್ತುಕೊಂಡು ಹೋಯಿತು.
ಸುಂಕದ ಯಂತ್ರ ಮೂರು ಸಲ ಕೇಳಿತು,
ಉತ್ತರವಿಲ್ಲ.
ಚೀಟಿ ಬರೆದಿಟ್ಟು ಉಳಿದ ಕೆಲಸಕ್ಕೆ ಹೋಯಿತು.
ಬೆಳಿಗ್ಗೆ ಗೋದಾಮು ಕಣ್ಣುಬಿಟ್ಟಾಗ
ಹೊಸ್ತಿಲಲ್ಲಿ ಚೀಟಿಗಳ ಸಾಲು.
ಹಗ್ಗದ ಒಂದು ತುದಿ ಬಿಚ್ಚಿತೆಂದು
ಬೀದಿಯೆಲ್ಲ ಬೀಳಲಿಲ್ಲ.

ಈಗ ನಾನು ಅಂಕಿ ಒತ್ತುವುದಿಲ್ಲ.
ಮಾತುಗಳ ಪಟ್ಟಿ ನನ್ನ ಸುಪರ್ದಿಯಲ್ಲಿದೆ,
ಸಂಬಳ ಸ್ವಲ್ಪ ಏರಿದೆ.
ಸಂಜೆ ನಾಲ್ಕಕ್ಕೆ ಬೆರಳುಗಳು ಮಾತ್ರ
ಮೇಜಿನ ಮೇಲೆ ತಮ್ಮಷ್ಟಕ್ಕೆ ಕುಣಿಯುತ್ತವೆ.

ನಿನ್ನೆ ಗೋದಾಮಿನಿಂದ ಫೋನು:
“ನೀವೆಸ್, ಒಂದು ಚೀಲ ಹರಿದಿದೆ.
ಅರ್ಧ ನೆಲದ ಮೇಲೆ, ಅರ್ಧ ಒಳಗೆ.
ಯಂತ್ರ ಇದೆಯೋ ಇಲ್ಲವೋ ಎನ್ನುತ್ತದೆ,
ಅರ್ಧ ಎಂದರೆ ಒಪ್ಪುವುದಿಲ್ಲ.”
ಕೋಟು ಹಾಕಿಕೊಂಡೆ.
“ಗುಡಿಸಬೇಡಿ,” ಅಂದೆ, “ನೋಡಿ ಹೇಳುತ್ತೇನೆ.”